ಹಲ್ಲಿನ ಸೋಡಾ ಗನ್ನಿನಿಂದ ಟ್ರೈಲೋಬೈಟಿನ ಕಣ್ಣು

ಪುಣೆಯಲ್ಲಿ ಕಲ್ಲು ಕೂಡಿಸುವ ನಮ್ಮ ಗೆಳೆಯರೆಲ್ಲ ಝಿಯೋಲೈಟ್ ಹರಳಿನವರು. ವಾಘೋಲಿ ಕ್ವಾರಿಯ ನೀಲಿ ಕ್ಯಾವನ್ಸೈಟ್ ಹರಳು ಬಿಟ್ಟು ನಾನು ಮೊರಾಕ್ಕೊದ ಟ್ರೈಲೋಬೈಟಿಗೆ, ಅಂದರೆ ಕೋಟ್ಯಂತರ ವರ್ಷದ ಹಿಂದೆ ಅಳಿದು ಕಲ್ಲಾದ ಸಮುದ್ರಜೀವಿಗೆ, ಗಂಟುಬಿದ್ದಾಗ, "ಈ ಮಳಿಯಾಗ ಪುಡಿ ಊದಿ ಕಣ್ಣು ತೆಗಿತಿಯೇನೋ?" ಅಂತ ನಕ್ಕಿದ್ದರು. ಈಗ ಅವರೇ ಭೂತಗನ್ನಡಿ ಹಿಡಿದು ನೋಡಲು ಬರುತ್ತಾರೆ.

ಮೊದಲನೆಯದು ಹಾಳಾದದ್ದು ಅವರ ಮಾತು ಕೇಳಿಯೇ. ಆಸಿಡ್ ತೆಳ್ಳಗೆ ಮಾಡಿ ಹಚ್ಚಿದೆ. ಚಿಪ್ಪೂ ಕ್ಯಾಲ್ಸೈಟು, ಸುತ್ತಲ ಸುಣ್ಣಕಲ್ಲೂ ಕ್ಯಾಲ್ಸೈಟು, ಆಸಿಡ್ಡಿಗೆಲ್ಲಿ ಭೇದ? ಬಾಲ ನೊರೆಯಾಗಿ ಹೋಯಿತು, ಜೊತೆಗೆ ಮೂರು ಸಾವಿರ ಚಿಲ್ಲರೆ. ಎರಡನೆಯದನ್ನು ಅಸಿಟೋನಿನಲ್ಲಿ ಒರೆಸಿದರೆ ಬಟ್ಟೆ ಕಪ್ಪಾಯಿತು: ಅರ್ಧ ಮೈ ರೆಸಿನ್ನಿನ ನಕಲಿ, ಮೇಲೆ ಬಣ್ಣ.

ಮೂರನೆಯದಕ್ಕೆ ಜುನಾ ಬಾಜಾರಿನ ಹಳೇ ಕಂಪ್ರೆಸರ್ ತಂದೆ, ಸುಮಾರು ಆರು ಸಾವಿರ. ಮುಚ್ಚಿದ ಕ್ಲಿನಿಕ್ಕೊಂದರ ಹಲ್ಲು ಪಾಲಿಶ್ ಮಾಡುವ ಸೋಡಾ ಗನ್ ಸಾವಿರದೈನೂರಕ್ಕೆ ಸಿಕ್ಕಿತು. ಅದರ ನೀರು ಬಂದ್ ಮಾಡಿದೆ. ಚಿಪ್ಪಿನ ಹತ್ತಿರದವರೆಗೂ ಕಲ್ಲು ಕೆತ್ತುವ ಎನ್‌ಗ್ರೇವರ್, ಬೆನ್ನಿಗೆ ಡಾಲೊಮೈಟ್ ಕಲ್ಲಿನ ಪುಡಿ, ಗಾಳಿಯ ಒತ್ತಡ ನಲವತ್ತು ಪಿಎಸ್‌ಐ ಆಸುಪಾಸು, ಕಣ್ಣಿಗೆ ಮಾತ್ರ ಅಡುಗೆ ಸೋಡಾ, ಹದಿನೈದು ದಾಟದಂತೆ. ಡಾಲೊಮೈಟ್ ಬದಲು ರಂಗೋಲಿ ಪುಡಿ ಜರಡಿ ಹಿಡಿದೂ ನೋಡಿದೆ. ಅಗ್ಗವೇನೋ ಹೌದು, ನಡುವೆ ಮರಳಿನ ಚೂರು. ಬೆನ್ನ ಮೇಲೆ ಎರಡು ಗೀರು ಇನ್ನೂ ಇವೆ.

ಜುಲೈನಲ್ಲಿ ಸೋಡಾ ಗಂಟಾಗಿ ಗನ್ ದಿನಕ್ಕೆ ಹತ್ತು ಸಲ ಕಟ್ಟಿತು. ಓವನ್ನಿನಲ್ಲಿ ಒಣಗಿಸಹೋದರೆ ಅದು ವಾಷಿಂಗ್ ಸೋಡಾ ಆಗಿ ಕೂತಿತು. ಕೊನೆಗೆ ಗಾಳಿಯ ದಾರಿಯಲ್ಲಿ ವಾಟರ್ ಟ್ರ್ಯಾಪ್, ಡಬ್ಬಿಯಲ್ಲಿ ಸಿಲಿಕಾ ಜೆಲ್. ಸೋಡಾಕ್ಕೆ ಇನ್ನೊಂದನ್ನು ಚಿಟಿಕೆ ಬೆರೆಸುತ್ತೇನೆ, ಅದನ್ನು ಮಾತ್ರ ಹೇಳೆ.

ಫೋಟೋಕ್ಕೆ ತಾಂಬಟ್ ಆಳಿಯ ಕಡೆ ಕಲಾಯಿಯವರಿಂದ ನವಸಾಗರ ತಂದು ಕಾಸಿ ಹೊಗೆ ಹಿಡಿಸಿದೆ. ಮನೆಯವಳು ಕೆಮ್ಮಿ ಕೆಮ್ಮಿ ಬೈದಳು. ಆದರೆ ಬಿಳಿ ಲೇಪ ಕೂತದ್ದೇ ಬಲಗಣ್ಣಿನ ಲೆನ್ಸುಗಳು ಜೋಳದ ಕಾಳಿನ ಹಾಗೆ ಬಿಡಿ ಬಿಡಿಯಾಗಿ ಎದ್ದವು! ಅಮೆರಿಕದ ರಾನಾ ಎಂಬ ಟ್ರೈಲೋಬೈಟ್ ಜಾತಿಯಲ್ಲಿ ಪಳೆಯುಳಿಕೆ ವಿಜ್ಞಾನಿ ಎಲ್ಡ್ರೆಜ್ ಎಣಿಸಿ, ಕಾಲ ಕಳೆದಂತೆ 18ರಿಂದ 17, 15ಕ್ಕೆ ಇಳಿದವೆಂದು ತೋರಿಸಿದ್ದು ಇಂಥ ಲೆನ್ಸಿನ ಸಾಲುಗಳನ್ನೇ.

ಮಾರಿದವನ ಚೀಟಿಯಲ್ಲೂ ‘ಫೇಕಾಪ್ಸ್ ರಾನಾ’ ಅಂತಲೇ ಇತ್ತು. ರಾನಾ ಮೊರಾಕ್ಕೊದ್ದೇ ಅಲ್ಲ. ಅದು ಈಗ ಎಲ್ಡ್ರೆಜಿಯಾಪ್ಸ್ ಕುಲದಲ್ಲಿದೆ. ನನ್ನದು ಒಂಬತ್ತು ಸೆಂಟಿಮೀಟರ್ ಹತ್ತಿರ, ತಲೆಯ ತುಂಬ ದಪ್ಪ ಗುಳ್ಳೆ. ಅದಕ್ಕೇ ವಿಜ್ಞಾನಿ ಸ್ಟ್ರೂವ 1990ರಲ್ಲಿ ಹೆಸರಿಟ್ಟ ಡ್ರೋಟಾಪ್ಸ್ ಕುಲದ್ದೆಂದೇ ಚೀಟಿ ತಿದ್ದಿದ್ದೇನೆ. ಎಡಗಣ್ಣು ಇನ್ನೂ ಕಲ್ಲಿನೊಳಗಿದೆ. ಮಳೆ ನಿಲ್ಲಲಿ.