ಕೊಯ್ಯದೆ ಉಳಿಸಿಕೊಂಡ 531 ಫ್ರೇಮ್: ನನ್ನ ಅನುಭವ

531 ಅಂದರೆ ಇಂಗ್ಲೆಂಡಿನ ರೆನಾಲ್ಡ್ಸ್ ಕಂಪನಿಯ ಹೆಸರಾಂತ ಸ್ಟೀಲ್ ಟ್ಯೂಬ್. ಗುಜರಿಯಲ್ಲಿ ಸಿಕ್ಕ ಈ ಹಳೆಯ ಸೈಕಲ್ ಫ್ರೇಮ್ ನೋಡಿದವರೆಲ್ಲ ಎರಡು ಮಾತು ಹೇಳಿದ್ದರು. ಒಂದು, ಯಾವುದೋ ದಿನಬಳಕೆಯ ಭಾರದ ಸೈಕಲ್, ಅಂದರೆ ರೋಡ್‌ಸ್ಟರ್‌ಗೆ 531 ಸ್ಟಿಕರ್ ಅಂಟಿಸಿದ್ದಾರೆ ಅಷ್ಟೆ. ಎರಡು, ಸೀಟ್ ಟ್ಯೂಬ್ ಒಳಗೆ ಲಗ್ (ಟ್ಯೂಬ್‌ಗಳನ್ನು ಕೂಡಿಸುವ ಲೋಹದ ತುಂಡು) ಮಟ್ಟಕ್ಕೇ ಕತ್ತರಿಸಿ ಬಿಟ್ಟಿರುವ ಅಲ್ಯೂಮಿನಿಯಂ ಸೀಟ್ ಪೋಸ್ಟ್ (ಸೀಟಿನ ಕಂಬ) ಹೊರಗೆ ಬರೋದಿಲ್ಲ, ಮೇಲಿನ ಭಾಗ ಕೊಯ್ದು ಬೇರೆ ಪೈಪ್ ಹಾಕಿಸು. ಎರಡೂ ಸುಳ್ಳಾದವು. ಎರಡನೆಯದು ಬಗೆಹರಿದ ಮೇಲೆಯೇ ಮೊದಲನೆಯದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು, ಹಾಗಾಗಿ ಒಟ್ಟಿಗೇ ಬರೆಯುತ್ತಿದ್ದೇನೆ.

ಸ್ಟಿಕರನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. 531 ಟ್ರಾನ್ಸ್‌ಫರ್ (ಅಂಥ ಸ್ಟಿಕರ್) ಈಗ ಯಾರು ಬೇಕಾದರೂ ತರಿಸಿ ಅಂಟಿಸಬಹುದು. ಮೊದಲು ಬಿಚ್ಚಿದ್ದು ಬಾಟಮ್ ಬ್ರಾಕೆಟ್, ಅಂದರೆ ಪೆಡಲ್ ಅಚ್ಚಿನ ಬೇರಿಂಗ್. ಚೈನ್ ಬದಿಯ ಫಿಕ್ಸೆಡ್ ಕಪ್ ಉಲ್ಟಾ ಥ್ರೆಡ್. ಅಲ್ಲಿಗೆ ಇಟಾಲಿಯನ್ ಮತ್ತು ಫ್ರೆಂಚ್ ಹೊರಗೆ, ಅವುಗಳಲ್ಲಿ ಎರಡೂ ಕಪ್ ಸೀದಾ ಥ್ರೆಡ್. ಉಳಿಯೋದು ಇಂಗ್ಲಿಷ್, ಇಲ್ಲವೇ ಸ್ವಿಸ್. ಪಿಚ್ ಗೇಜನ್ನು ಒಂದೆರಡು ಸುತ್ತಿನ ಮೇಲೆ ಇಟ್ಟರೆ ಎರಡಕ್ಕೂ ಕೂತಂತೆಯೇ ಕಾಣುತ್ತದೆ. ಎಡಬದಿಯ ಅಡ್ಜಸ್ಟೆಬಲ್ ಕಪ್‌ನಲ್ಲಿ 10 ಸುತ್ತು ಎಣಿಸಿ ವರ್ನಿಯರ್ ಹಿಡಿಯಿರಿ: ಸರಿಯಾಗಿ 10 ಎಂಎಂ ಬಂದರೆ ಮೆಟ್ರಿಕ್, 10.6 ಹತ್ತಿರ ಬಂದರೆ ಇಂಗ್ಲಿಷ್ 24 ಟಿಪಿಐ (ಇಂಚಿಗೆ 24 ಸುತ್ತು), 9.8 ಬಂದರೆ ರ‍್ಯಾಲಿ ಕಂಪನಿಯ ಸ್ವಂತ 26 ಟಿಪಿಐ. ನನಗೆ 10.6 ಬಂತು, ಶೆಲ್ (ಈ ಕಪ್‌ಗಳು ಕೂರುವ ಕೊಳವೆ) ಅಗಲ 68 ಎಂಎಂ.

ಶೆಲ್ ಒಳಗೆ ಟಾರ್ಚ್ ಬಿಟ್ಟು ನೋಡಿದರೆ ಅರ್ಧ ಜಾತಕ ಅಲ್ಲೇ ಇರುತ್ತದೆ. ಟ್ಯೂಬಿನ ತುದಿಗಳನ್ನು ಒಂದಕ್ಕೊಂದು ಕೂಡುವ ಹಾಗೆ ಕಮಾನಾಗಿ ಫೈಲ್ ಮಾಡಿದ್ದರು, ಲೋಹ ಕರಗಿಸಿ ಬೆಸೆಯುವ ಬ್ರೇಜಿಂಗ್‌ಗೆ ಮೊದಲು ಹೊಡೆದ ಸಣ್ಣ ಪಿನ್‌ಗಳ ತುದಿಯೂ ಕಾಣುತ್ತಿತ್ತು. ರೋಡ್‌ಸ್ಟರ್ ಕಾರ್ಖಾನೆಯಲ್ಲಿ ಇಷ್ಟು ಹೊತ್ತು ಯಾರೂ ಕೂರೋದಿಲ್ಲ. ಲಗ್ ನರ್ವೆಕ್ಸ್ ಪ್ರೊಫೆಷನಲ್, ಅಂದರೆ ಫ್ರಾನ್ಸಿನ ಮಾಲು. ಇಂಗ್ಲೆಂಡಿನ ಸಣ್ಣ ಬಿಲ್ಡರ್‌ಗಳು ಅದನ್ನೇ ಕೊಂಡು ಬಳಸುತ್ತಿದ್ದರಿಂದ ಲಗ್ ನೋಡಿ ಬಿಲ್ಡರ್ ಹೆಸರು ಹೇಳಲು ಆಗುವುದಿಲ್ಲ. ಅಂಚನ್ನು ಎಷ್ಟು ತೆಳ್ಳಗೆ ಫೈಲ್ ಮಾಡಿದ್ದಾರೆ, ಹಿಂಚಕ್ರದಿಂದ ಸೀಟಿನ ಕಡೆ ಬರುವ ಸೀಟ್ ಸ್ಟೇಗಳ ಮೇಲ್ತುದಿ ಲಗ್‌ಗೆ ಹೇಗೆ ಸೇರಿದೆ, ಇವೆರಡು ಕೈಗುರುತು. ಕಾಲ ಹೇಳಿದ್ದು ಡ್ರಾಪೌಟ್ (ಹಿಂಚಕ್ರದ ಅಚ್ಚು ಕೂರುವ ತುಂಡು): ಗೇರ್ ಬದಲಿಸುವ ಡಿರೇಲರ್‌ಗೆ ಹ್ಯಾಂಗರ್ ಇರುವ, ಇಟಲಿಯ ಕ್ಯಾಂಪಗ್ನೋಲೊ ಕಂಪನಿಯದು. ಅವರ ಗ್ರ್ಯಾನ್ ಸ್ಪೋರ್ಟ್ ಡಿರೇಲರ್ ಬಂದದ್ದೇ 1950ರ ಆಸುಪಾಸು, ಆದ್ದರಿಂದ ಅದಕ್ಕಿಂತ ಹಳೆಯದಲ್ಲ. ಹಿಂದಿನ ಎರಡು ಡ್ರಾಪೌಟ್‌ಗಳ ಅಂತರ 120 ಎಂಎಂ, ಅಂದರೆ ಐದು ಗೇರ್. ಕೇಬಲ್‌ಗೆ ಬೆಸುಗೆ ಹಾಕಿದ ಗೂಟ ಒಂದೂ ಇಲ್ಲ. 50ರ ದಶಕದ ನಡುವಿನಿಂದ 60ರ ಆರಂಭದೊಳಗೆ ಅಂತ ಬರೆದುಕೊಂಡೆ.

ಶೆಲ್ ಕೆಳಗೆ ಹೊಡೆದಿರುವ ಫ್ರೇಮ್ ನಂಬರ್ ಮೇಲೆ ಎಮರಿ ಪೇಪರ್ ಆಡಿಸಬೇಡಿ, ಹೊಡೆತ ಆಳ ಇರೋದಿಲ್ಲ. ಪೇಂಟ್ ರಿಮೂವರ್ ಹಚ್ಚಿ ಮರದ ಕಡ್ಡಿಯಲ್ಲಿ ಕೆರೆದು, ಸೀಮೆಸುಣ್ಣ ಉಜ್ಜಿ, ಪಕ್ಕದಿಂದ ಬೆಳಕು ಬಿಟ್ಟು ಫೋಟೋ ತೆಗೆಯಿರಿ. ಶೆಲ್ ಕೆಳಗಿನ ನಂಬರೇ ಫೋರ್ಕ್‌ನ ಸ್ಟೀರರ್ (ಹ್ಯಾಂಡಲ್ ಕಡೆ ಹೋಗುವ ಕೊಳವೆ) ಮೇಲೂ ಇತ್ತು, ಹಾಗಾಗಿ ಫೋರ್ಕ್ ಅಸಲಿ. ನಂಬರಿನಿಂದ ಬಿಲ್ಡರ್ ಯಾರೆಂದು ಹಿಡಿದಿದ್ದೇನೆ. ಹೆಸರು ಇಲ್ಲಿ ಬರೆಯೋದಿಲ್ಲ, ಅದೇ ಕೈಯ ಇನ್ನೊಂದು ಫ್ರೇಮಿಗೆ ಮಾತುಕತೆ ನಡೆಯುತ್ತಿದೆ.

ಈಗ ಪೋಸ್ಟ್. ಅಸಿಟೋನ್ ಮತ್ತು ಗೇರ್ ಆಯಿಲ್ ಬೆರೆಸಿ ವಾರಗಟ್ಟಲೆ ಬಿಟ್ಟೆ, ಜಗ್ಗಲಿಲ್ಲ. ಬಿಸಿ ಮಾಡಿದರೆ ಅಲ್ಯೂಮಿನಿಯಂ ಸ್ಟೀಲಿಗಿಂತ ಹೆಚ್ಚುಕಡಿಮೆ ದುಪ್ಪಟ್ಟು ಹಿಗ್ಗುತ್ತದೆ, ಇನ್ನೂ ಬಿಗಿಯಾಗುತ್ತದೆ. ಒಳಗಿನಿಂದ ಹ್ಯಾಕ್ಸಾ ಬ್ಲೇಡ್ ಹಾಕಿ ಸೀಳುವ ದಾರಿ ಇದೆ. ಬಟೆಡ್ ಟ್ಯೂಬ್ (ಉದ್ದಕ್ಕೂ ಒಂದೇ ದಪ್ಪವಿರದ ಟ್ಯೂಬ್) ಆಗಿದ್ದರೆ ಅಲ್ಲಿ ಸ್ಟೀಲಿನ ದಪ್ಪ ಬರೀ 0.56 ಎಂಎಂ, ಒಂದು ಎಳೆತ ಹೆಚ್ಚಾದರೆ ಟ್ಯೂಬ್ ಹೋಯಿತು. ಒಂದು ವರ್ಕ್‌ಶಾಪ್‌ನಲ್ಲಿ ಕೊಯ್ದು ಪೈಪ್ ಹಾಕೋಕೆ ಆರು ಸಾವಿರ ಕೇಳಿದ್ದರು.

ಉಳಿದದ್ದು ಕಾಸ್ಟಿಕ್ ಸೋಡಾ. ಸ್ಟೀಲನ್ನು ಮುಟ್ಟೋದಿಲ್ಲ, ಅಲ್ಯೂಮಿನಿಯಂ ತಿನ್ನುತ್ತದೆ, ಇದು ಎಲ್ಲರಿಗೂ ಗೊತ್ತು. ಆದರೂ ಹೆಚ್ಚಿನವರು ಒಂದು ಸಲ ಸುರಿದು, ಗುಳ್ಳೆ ನಿಂತ ಮೇಲೆ ‘ಇದು ಆಗೋದಲ್ಲ’ ಅಂತ ಕೈಬಿಡುತ್ತಾರೆ. ಗುಳ್ಳೆ ನಿಂತರೆ ಸೋಡಾ ಮುಗಿದಿದೆ ಅಂತ, ಪೋಸ್ಟ್ ಮುಗಿದಿದೆ ಅಂತಲ್ಲ. ಒಂದು ಗ್ರಾಂ ಅಲ್ಯೂಮಿನಿಯಂಗೆ ಸುಮಾರು ಒಂದೂವರೆ ಗ್ರಾಂ ಸೋಡಾ ಬೇಕು. ಒಳಗಿದ್ದ ತುಂಡು 9 ಸೆಂ.ಮೀ. ಆಸುಪಾಸು, ತೂಕ 45-50 ಗ್ರಾಂ ಇರಬಹುದು, ಅಂದರೆ 70 ಗ್ರಾಂ ಮೇಲೆ ಸೋಡಾ. ಲೀಟರಿಗೆ 100 ಗ್ರಾಂ ಬೆರೆಸಿ ಟ್ಯೂಬಿಗೆ 200 ಎಂಎಲ್ ಸುರಿದರೆ ಒಳಗೆ ಹೋಗೋದು 20 ಗ್ರಾಂ. ಲೆಕ್ಕಕ್ಕೆ ನಾಲ್ಕು ಸಲ, ನಿಜದಲ್ಲಿ ಅದರ ದುಪ್ಪಟ್ಟು, ಯಾಕೆಂದರೆ ಕೊನೆಯ ಪಾಲು ಸೋಡಾ ತುಂಬಾ ನಿಧಾನ.

ಫ್ರೇಮನ್ನು ತಲೆಕೆಳಗು ಮಾಡಿ ಸ್ಟ್ಯಾಂಡಿಗೆ ಕಟ್ಟಿದೆ. ತುಂಡು ಕೆಳಗೆ, ಸುರಿಯೋದು ಶೆಲ್ ಕಡೆಯಿಂದ. ಲಗ್ ಬಾಯಿಗೆ ರಬ್ಬರ್ ಬಿರಡೆ, ಬೋಲ್ಟ್ ಇರುವ ಸೀಳಿಗೆ ಎಂ-ಸೀಲ್. ಆ ಸೀಳಿನಲ್ಲಿ ಗ್ರೀಸ್ ಉಳಿದಿದ್ದರೆ ಎಂ-ಸೀಲ್ ಹಿಡಿಯೋದಿಲ್ಲ, ಸೋರುತ್ತದೆ. ಥಿನ್ನರ್‌ನಲ್ಲಿ ಎರಡು ಸಲ ಒರೆಸಿ. ಸುರಿಯುವ ಮೊದಲು ಪೋಸ್ಟಿನ ಒಳಮೈಯನ್ನು ದುಂಡು ಫೈಲಿನಲ್ಲಿ ಗೀರಿ, ಮೇಲಿನ ಆಕ್ಸೈಡ್ ಪದರ ಹೋದರೆ ಬೇಗ ಶುರುವಾಗುತ್ತದೆ. ಟ್ಯೂಬಿನ ಮೂರನೇ ಒಂದು ಪಾಲು ಖಾಲಿ ಇರಲಿ, ನೊರೆ ಉಕ್ಕುತ್ತದೆ. ಬೇಗ ಆಗಲಿ ಅಂತ ಲೀಟರಿಗೆ 200 ಗ್ರಾಂ ಹಾಕಿ ಬಿಸಿಲಿಗಿಟ್ಟರೆ ಕುದಿದು ಶೆಲ್‌ನಿಂದ ಹೊರಗೆ ಚಿಮ್ಮುತ್ತದೆ. ಪ್ರತಿ ಸಲ ಚೆಲ್ಲಿದ ಮೇಲೆ ಬಾಟಲಿ ಬ್ರಷ್ ಹಾಕಿ ಕಪ್ಪು ರಾಡಿ ಉಜ್ಜಿ ತೆಗೆಯಬೇಕು, ಇಲ್ಲದಿದ್ದರೆ ಹೊಸ ಸೋಡಾ ಲೋಹಕ್ಕೆ ತಾಗೋದೇ ಇಲ್ಲ. ಸೋಡಾವನ್ನು ನೀರಿಗೆ ಹಾಕಬೇಕು, ಸೋಡಾ ಮೇಲೆ ನೀರು ಸುರಿಯಬಾರದು. ಕನ್ನಡಕ, ಉದ್ದ ರಬ್ಬರ್ ಗ್ಲೌಸ್, ಬಯಲು ಜಾಗ. ಬರೋದು ಹೈಡ್ರೋಜನ್, ಹತ್ತಿರ ಬೀಡಿ ಕೂಡ ಬೇಡ.

ಕೊನೆಗೆ ತುಂಡು ಕಾಗದದಷ್ಟು ತೆಳ್ಳಗಾಗಿ ಒಳಕ್ಕೆ ಮಡಚಿಕೊಂಡಿತು, ಮೂತಿ ಉದ್ದದ ಇಕ್ಕಳದಲ್ಲಿ ಎಳೆದರೆ ಬಂತು. ಬ್ರೇಕ್ ಸಿಲಿಂಡರ್ ಹೋನ್ (ಒಳಮೈ ಉಜ್ಜುವ ಸಾಧನ) ಆಡಿಸಿ ಅಳೆದೆ: 27.2 ಎಂಎಂ ಪೋಸ್ಟ್ ಬೆರಳಿನ ಒತ್ತಡಕ್ಕೇ ಇಳಿಯಿತು. ಮಾಮೂಲಿ ದಪ್ಪ ಟ್ಯೂಬ್ ಆಗಿದ್ದರೆ ಅದು ಹೋಗುತ್ತಿರಲಿಲ್ಲ. ಡಬಲ್ ಬಟೆಡ್ 531ರ ಅಳತೆಯೇ ಇದು. ರೋಡ್‌ಸ್ಟರ್ ಅಂದವರಿಗೆ ವರ್ನಿಯರ್ ಸಮೇತ ಫೋಟೋ ಕಳಿಸಿದ್ದೇನೆ.

ಒಂದು ಎಚ್ಚರಿಕೆ. ಸೀಟ್ ಲಗ್ ಒಳಗೆ ಟಾಪ್ ಟ್ಯೂಬಿಗೆ ಹೋಗುವ ಸಣ್ಣ ಗಾಳಿತೂತು ಇರುತ್ತದೆ, ಸೋಡಾ ಅಲ್ಲಿಗೂ ನುಗ್ಗುತ್ತದೆ. ತೊಳೆಯದೆ ಪೇಂಟ್ ಹೊಡೆದರೆ ತಿಂಗಳ ಮೇಲೆ ಲಗ್ ಅಂಚಿನಲ್ಲಿ ಜಿನುಗಿ ಬಣ್ಣ ಎದ್ದು ಬರುತ್ತದೆ. ನೀರು, ವಿನೆಗರ್, ಮತ್ತೆ ನೀರು, ಆಮೇಲೆ ಹೇರ್ ಡ್ರೈಯರ್.

ತುಕ್ಕಿಗೆ ಆಕ್ಸಾಲಿಕ್ ಆಸಿಡ್, ಲೀಟರಿಗೆ 25-30 ಗ್ರಾಂ. ರಾತ್ರಿಯಿಡೀ ಸಾಕು, ಹೆಚ್ಚು ಬಿಟ್ಟರೆ ಹಳದಿ ಪುಡಿ ಕೂತು ಉಜ್ಜಿದರೂ ಹೋಗೋದಿಲ್ಲ. ಪಕ್ಕದಲ್ಲಿ ಇನ್ನೆರಡು ಪ್ರಯೋಗ ಮಾಡಿದೆ. ಹುಣಸೆ ನೀರು ಹಿತ್ತಾಳೆಗೆ ಫಳಫಳ, ತುಕ್ಕಿಗೆ ಅಷ್ಟಕ್ಕಷ್ಟೆ. ಪಶು ಆಹಾರಕ್ಕೆ ಮಾರುವ ಕಾಕಂಬಿಯನ್ನು ಒಂಬತ್ತು ಪಾಲು ನೀರಿಗೆ ಬೆರೆಸಿ ಹೆಡ್‌ಸೆಟ್ ಕಪ್ (ಹ್ಯಾಂಡಲ್ ತಿರುಗುವ ಬೇರಿಂಗ್ ಬಟ್ಟಲು) ಮುಳುಗಿಸಿಟ್ಟೆ. ಎರಡು ವಾರ ಹಿಡಿಯಿತು, ಆದರೆ ಲೋಹ ಒಂದು ಚೂರೂ ಸವೆಯದೆ ಬೂದು ಬಣ್ಣಕ್ಕೆ ಬಂತು. ವಾಸನೆಗೆ ಮನೆಯವರೆಲ್ಲ ಬೈದರು, ಇರುವೆ ಬೇರೆ. ಸಣ್ಣ ಭಾಗಗಳಿಗೆ ಈಗಲೂ ಅದನ್ನೇ ಬಳಸುತ್ತೇನೆ.

ಅಲೈನ್‌ಮೆಂಟ್‌ಗೆ ದಾರ ಸಾಕು: ಡ್ರಾಪೌಟ್‌ನಿಂದ ಹೆಡ್ ಟ್ಯೂಬ್ ಸುತ್ತಿ ಇನ್ನೊಂದು ಡ್ರಾಪೌಟ್‌ಗೆ, ಸೀಟ್ ಟ್ಯೂಬಿಗೆ ಎರಡೂ ಕಡೆ ಎಷ್ಟು ದೂರ ಅಂತ ನೋಡೋದು. ಒಂದು ಎಂಎಂ ವ್ಯತ್ಯಾಸ ಬಂತು, ಬಿಟ್ಟೆ. ಹೆಚ್ಚು ಗೇರ್ ಕೂರಿಸಲು ಹಿಂಬದಿ ಅಂತರವನ್ನು 126ಕ್ಕೆ ಅಗಲ ಮಾಡಿಸು ಅಂತ ಸಲಹೆ ಬಂತು. ಐದು ಗೇರಿನ ಫ್ರೇಮಿಗೆ ಐದೇ ಇರಲಿ.

ಸ್ಯಾಂಡ್ ಬ್ಲಾಸ್ಟಿಂಗ್, ಪೌಡರ್ ಕೋಟಿಂಗ್ ಎರಡೂ ಬೇಡ. ಮೊದಲನೆಯದು ತೆಳು ಟ್ಯೂಬನ್ನು ತಿನ್ನುತ್ತದೆ, ಎರಡನೆಯದು ಲಗ್ ಅಂಚನ್ನೇ ಮುಚ್ಚಿಹಾಕುತ್ತದೆ. ಹೆಡ್ ಟ್ಯೂಬ್ ಒಳಬಾಯಲ್ಲಿ ಮೂಲ ಬಣ್ಣ ಸಿಕ್ಕಿತು, ಫ್ಲಾಂಬಾಯಂಟ್ ಕೆಂಪು: ಬೆಳ್ಳಿ ಬೇಸ್, ಮೇಲೆ ಪಾರದರ್ಶಕ ಕೆಂಪು. ಕಾರ್ ಪೇಂಟರ್‌ಗಳು ಇಲ್ಲಿ ಸೋಲೋದು ಲಗ್ ಬಳಿ. ಮೂಲೆಯಲ್ಲಿ ಗನ್ ಎರಡು ಸಲ ಹಾಯುತ್ತದೆ, ಕೆಂಪು ಕಡುವಾಗಿ ಕಲೆಯಂತೆ ಕಾಣುತ್ತದೆ. ಮೊದಲು ಲಗ್‌ಗಳಿಗೆ ಒಂದೇ ತೆಳು ಕೋಟ್ ಕೊಟ್ಟು, ಆಮೇಲೆ ಟ್ಯೂಬ್‌ಗಳನ್ನು ಅದರ ಮಟ್ಟಕ್ಕೆ ತರಬೇಕು. ಕೆಂಪಿಗೆ ಎಷ್ಟು ಕ್ಲಿಯರ್ ಬೆರೆಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ.

ಪೇಂಟ್ ಒಣಗಿದ ಮೇಲೆ ಟ್ಯೂಬ್‌ಗಳ ಒಳಗೆ ಕುದಿಸಿದ ಅಗಸೆ ಎಣ್ಣೆ ಬಿಟ್ಟು, ಎಲ್ಲ ಕಡೆ ತಿರುಗಿಸಿ, ಸೋರಲು ಇಟ್ಟೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿ ಬೆಂಕಿ ಹಿಡಿಯುತ್ತದೆ. ಹರಡಿ ಒಣಗಿಸಿ.

ಖರ್ಚು ನೆನಪಿನ ಮೇಲೆ: ಗುಜರಿಯಲ್ಲಿ ಫ್ರೇಮು ನಾಲ್ಕೂವರೆ ಸಾವಿರ, ಬೆಂಗಳೂರಿನ ಎಸ್‌ಜೆಪಿ ರೋಡಿನಿಂದ ತಂದ ಹೋನ್ ಮತ್ತು ಸಣ್ಣಪುಟ್ಟದ್ದು ಸಾವಿರದೈನೂರು, ರಾಸಾಯನಿಕ ಎಲ್ಲ ಸೇರಿ ಆರುನೂರು ದಾಟಲಿಲ್ಲ, ಪೇಂಟ್ ಎಂಟು ಸಾವಿರ, ಇಂಗ್ಲೆಂಡಿನಿಂದ ಟ್ರಾನ್ಸ್‌ಫರ್ ಅಂಚೆ ಸಮೇತ ಮೂರು ಸಾವಿರದ ಸುಮಾರು. ಸೋಡಾ ಒಂದು ಕಿಲೋ ತಂದಿದ್ದೆ, ಡಬ್ಬಿಯಲ್ಲಿ ಇನ್ನೂ ಮುಕ್ಕಾಲು ಪಾಲು ಮಿಕ್ಕಿದೆ. ಕೊಯ್ದುಬಿಡು ಅಂದವರಲ್ಲೇ ಒಬ್ಬರು ಅರ್ಧ ಕಿಲೋ ಕೇಳಿದ್ದಾರೆ.