ಶವದ ಜೊತೆಗೆ ಬರುವ ಕಾಗದ

ನಮ್ಮ ಮೇಜಿನ ಮೇಲೆ ಶವವನ್ನು ಮಲಗಿಸುವ ಮೊದಲೇ ಅದರ ಕತೆ ನಮ್ಮ ಕೈ ಸೇರಿರುತ್ತದೆ. ಶವಪರೀಕ್ಷೆ ಕೋರಿ ಪೊಲೀಸರು ಕಳುಹಿಸುವ ಪತ್ರದಲ್ಲಿ ಘಟನೆಯ ಸಂಕ್ಷಿಪ್ತ ವಿವರವೆಂದು ನಾಲ್ಕೈದು ಸಾಲುಗಳಿರುತ್ತವೆ. ಆ ಸಾಲುಗಳನ್ನು ಓದುವ ಮೊದಲು ಅವುಗಳನ್ನು ಹೇಳಿ ಬರೆಸಿದವರು ಯಾರೆಂದು ಕೇಳಬೇಕು ಎಂಬುದನ್ನು ನಾನು ಬಹಳ ತಡವಾಗಿ ಕಲಿತೆ. ಗಂಡನೋ ಜೊತೆಗಾರನೋ ಕೊಂದಿರುವ ಪ್ರಕರಣಗಳಲ್ಲಿ ಶವವನ್ನು ಮೊದಲು ಕಂಡವನು, ಕೆಳಗಿಳಿಸಿದವನು, ಆಂಬುಲೆನ್ಸಿಗೆ ಕರೆ ಮಾಡಿದವನು ಹೆಚ್ಚಾಗಿ ಅವನೇ ಆಗಿರುತ್ತಾನೆ. ಇವಳು ಇಂಥವಳೆಂದು ಗುರುತಿಸುವವನು ಮತ್ತು ಪರೀಕ್ಷೆ ಮುಗಿದ ಮೇಲೆ ಸಹಿ ಹಾಕಿ ಶವವನ್ನು ಪಡೆದುಕೊಂಡು ಹೋಗುವವನೂ ಅವನೇ. ಬೇರೆ ಬಗೆಯ ಕೊಲೆಗಳಲ್ಲಿ ಆರೋಪಿಯಾಗಬಹುದಾದವನ ಕೈಯಲ್ಲಿ ಇಷ್ಟೆಲ್ಲ ಇರುವುದು ಅಪರೂಪ.

ವೃತ್ತಿಗೆ ಬಂದ ಮೂರನೆಯ ವರ್ಷ ನಾನು ಪರೀಕ್ಷಿಸಿದ ಒಬ್ಬ ಮಹಿಳೆಯ ವಿಷಯದಲ್ಲಿ ಆ ಕಾಗದದ ಸಾಲುಗಳೇ ನನ್ನ ವರದಿಯೂ ಆಗಿಬಿಟ್ಟವು. ನೇಣು ಬಿಗಿದುಕೊಂಡಿದ್ದಳು, ಗಂಡ ಕಂಡು ಕೆಳಗಿಳಿಸಿದ ಎಂದು ಬರೆದಿತ್ತು. ಕುತ್ತಿಗೆಯ ಮೇಲೆ ಹಗ್ಗದ ಗುರುತಿತ್ತು, ನಾಲಿಗೆಯ ಬುಡದಲ್ಲಿರುವ ಹಯಾಯ್ಡ್ ಮೂಳೆ ಮುರಿದಿರಲಿಲ್ಲ, ಕಣ್ಣಿನ ಒಳರೆಪ್ಪೆಯಲ್ಲಿ ಸೂಜಿಮೊನೆಯಷ್ಟಿನ ರಕ್ತದ ಚುಕ್ಕೆಗಳಿದ್ದವು. ನೇಣಿನಿಂದ ಉಸಿರುಕಟ್ಟಿ ಸಾವು ಎಂದು ಬರೆದು ಸಹಿ ಹಾಕಿದೆ. ಐದು ತಿಂಗಳ ನಂತರ ಆಕೆಯ ಅಕ್ಕ ನನ್ನನ್ನು ಹುಡುಕಿಕೊಂಡು ಬಂದು ಫೋನಿನಲ್ಲಿದ್ದ ಒಂದು ಚಿತ್ರವನ್ನು ತೋರಿಸಿದರು. ಸಾಯುವುದಕ್ಕೆ ಆರು ವಾರ ಮೊದಲು ತಂಗಿ ಕಳುಹಿಸಿದ್ದ ಆ ಚಿತ್ರದಲ್ಲಿ ದವಡೆಯ ಕೆಳಗೆ, ಎಡಗಡೆಯಲ್ಲಿ ಮೂರು, ಬಲಗಡೆಯಲ್ಲಿ ಒಂದು, ಬೆರಳ ತುದಿಯಷ್ಟಿನ ಕಂದಿದ ಕಲೆಗಳಿದ್ದವು. ನಾನು ಕಡತ ತೆಗೆಸಿ ನನ್ನದೇ ಛಾಯಾಚಿತ್ರಗಳನ್ನು ನೋಡಿದೆ. ಇದ್ದದ್ದು ಎರಡು, ಎರಡೂ ಮುಂಭಾಗದಿಂದ ತೆಗೆದವು, ಅಳತೆಪಟ್ಟಿ ಇಟ್ಟಿರಲಿಲ್ಲ. ಹಗ್ಗದ ಗುರುತು ಕಿವಿಯ ಹಿಂದೆ ಮೇಲಕ್ಕೆ ಏರಿತ್ತೇ, ಅಥವಾ ಕುತ್ತಿಗೆಯನ್ನು ಅಡ್ಡಲಾಗಿ ಪೂರ್ತಿ ಸುತ್ತಿತ್ತೇ ಎಂಬುದು ಅವುಗಳಿಂದ ತಿಳಿಯುವಂತಿರಲಿಲ್ಲ. ಮೊದಲನೆಯದು ನೇಣಿನ ಲಕ್ಷಣವಾದರೆ ಎರಡನೆಯದು ಬೇರೆಯವರು ಹಗ್ಗ ಬಿಗಿದದ್ದರ ಲಕ್ಷಣ. ಶವ ಆಗಲೇ ಇಲ್ಲವಾಗಿತ್ತು. ಆ ಅಕ್ಕನಿಗೆ ನಾನು ಹೌದೆಂದೂ ಹೇಳಲಾರದೆ ಅಲ್ಲವೆಂದೂ ಹೇಳಲಾರದೆ ಹೋದೆ, ಪ್ರಕರಣ ಅಲ್ಲಿಗೇ ನಿಂತಿತು.

2023ರಲ್ಲಿ ಜಗತ್ತಿನಾದ್ಯಂತ ಸುಮಾರು 51,100 ಮಹಿಳೆಯರು ಮತ್ತು ಬಾಲಕಿಯರು ಸಂಗಾತಿಯ ಅಥವಾ ಕುಟುಂಬದ ಸದಸ್ಯರ ಕೈಯಲ್ಲಿ ಹತರಾದರು, ಅಂದರೆ ದಿನಕ್ಕೆ 140 ಮಂದಿ, ಎಂದು ವಿಶ್ವಸಂಸ್ಥೆ ಅಂದಾಜಿಸಿದೆ. ಇಂಥ ಅಂಕಿಯನ್ನು ಕಂಡಾಗಲೆಲ್ಲ ನನಗೆ ಕಾಣುವುದು ಅದರ ಹೊರಗೆ ಉಳಿದವರು. ಕೊಲೆಯೆಂದು ಎಲ್ಲಿಯೂ ದಾಖಲಾಗದ ಸಾವು ಯಾವ ಲೆಕ್ಕಕ್ಕೂ ಸಿಗುವುದಿಲ್ಲ, ನಾನು ಸಹಿ ಹಾಕಿದ ಆ ಸಾವಿನ ಹಾಗೆ.

ಅಂದಿನಿಂದ ನಾನು ಕೆಲಸದ ಕ್ರಮವನ್ನು ಬದಲಿಸಿಕೊಂಡೆ. ಸ್ಥಳದ ಚಿತ್ರಗಳನ್ನೂ ಹಗ್ಗವನ್ನೂ ನೋಡದೆ ಶವಪರೀಕ್ಷೆಯನ್ನು ಪೂರ್ಣಗೊಳಿಸುವುದಿಲ್ಲ. ಹಗ್ಗದ ಅಗಲವನ್ನು ಕುತ್ತಿಗೆಯ ಗುರುತಿನೊಂದಿಗೆ ಅಳೆದು ನೋಡುತ್ತೇನೆ. ಕುತ್ತಿಗೆಯನ್ನು ಎಲ್ಲಕ್ಕಿಂತ ಕೊನೆಗೆ ತೆರೆಯುತ್ತೇನೆ: ಮೊದಲು ತಲೆಬುರುಡೆ ತೆರೆದು ಮೆದುಳನ್ನು, ಆಮೇಲೆ ಎದೆಯ ಅಂಗಗಳನ್ನು ಹೊರತೆಗೆದರೆ ಕುತ್ತಿಗೆಯ ರಕ್ತನಾಳಗಳು ಬರಿದಾಗುತ್ತವೆ, ಅದಾದ ಬಳಿಕವಷ್ಟೇ ಸ್ನಾಯುಗಳನ್ನು ಒಂದೊಂದೇ ಪದರವಾಗಿ ಬಿಡಿಸಬೇಕು. ಈ ಕ್ರಮ ತಪ್ಪಿದರೆ ನಮ್ಮ ಕತ್ತರಿಯಿಂದ ಸೋರಿದ ರಕ್ತವೇ ಪೆಟ್ಟಿನ ಗುರುತಿನಂತೆ ಕಂಡೀತು, ಮತ್ತು ಆರೋಪಿಯ ಪರ ವಕೀಲರು ಅದನ್ನು ಚೆನ್ನಾಗಿ ಬಲ್ಲರು. ಹೀಗೆ ಮಾಡಲು ಒಂದು ಗಂಟೆ ಹೆಚ್ಚು ಹಿಡಿಯುತ್ತದೆ. ಹೊರಗೆ ಸರದಿಯಲ್ಲಿ ಇನ್ನೂ ನಾಲ್ಕು ಶವಗಳಿರುವಾಗ ಆ ಒಂದು ಗಂಟೆಯನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಕೋಣೆಯೊಳಗೆ ನಿಂತವರೇ ಬಲ್ಲರು.

ಹಯಾಯ್ಡ್ ಮೂಳೆ ಮುರಿಯದಿದ್ದರೆ ಕತ್ತು ಹಿಸುಕಿಲ್ಲ ಎಂಬ ನಂಬಿಕೆ ತನಿಖಾಧಿಕಾರಿಗಳಲ್ಲಿ ಈಗಲೂ ಗಟ್ಟಿಯಾಗಿದೆ. ಕತ್ತು ಹಿಸುಕಿ ಕೊಂದ ಪ್ರಕರಣಗಳಲ್ಲಿ ಆ ಮೂಳೆ ಮುರಿದಿರುವುದು ಸುಮಾರು ಮೂರರಲ್ಲಿ ಒಂದರಲ್ಲಿ ಮಾತ್ರ. ಚಿಕ್ಕ ವಯಸ್ಸಿನವರಲ್ಲಿ ಅದು ಬಾಗುತ್ತದೆಯೇ ಹೊರತು ಸುಲಭವಾಗಿ ಮುರಿಯುವುದಿಲ್ಲ. ಹೊರಗೆ ಗಾಯ ಕಾಣದಿರುವುದೂ ಅಷ್ಟೇ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ ಕತ್ತು ಹಿಸುಕಿದ ದೂರುಗಳ 300 ಕಡತಗಳನ್ನು ಪರಿಶೀಲಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸುಮಾರು ಅರ್ಧದಷ್ಟು ಮಹಿಳೆಯರ ಕುತ್ತಿಗೆಯ ಮೇಲೆ ಪೊಲೀಸರಿಗೆ ಯಾವ ಗುರುತೂ ಕಂಡಿರಲಿಲ್ಲ. ಗುರುತಿಲ್ಲವೆಂದು ಬದುಕಿರುವಾಗ ವಾಪಸು ಕಳುಹಿಸಿದವಳೇ ಆಮೇಲೆ ನಮ್ಮ ಮೇಜಿಗೆ ಬರುತ್ತಾಳೆ. ಹಿಂದೆ ಒಮ್ಮೆ ಸಂಗಾತಿಯಿಂದ ಕತ್ತು ಹಿಸುಕಿಸಿಕೊಂಡವಳು ಅವನಿಂದಲೇ ಕೊಲೆಯಾಗುವ ಸಾಧ್ಯತೆ ಸುಮಾರು ಏಳು ಪಟ್ಟು ಹೆಚ್ಚೆಂದು 2008ರಲ್ಲಿ ಅಮೆರಿಕದಲ್ಲೇ ಪ್ರಕಟವಾದ ಇನ್ನೊಂದು ಅಧ್ಯಯನ ತೋರಿಸಿದೆ. ಹಾಗಾಗಿ ನಾನು ಈಗ ಹಳೆಯ ಆಸ್ಪತ್ರೆ ಚೀಟಿಗಳನ್ನು ಕೇಳಿ ತರಿಸುತ್ತೇನೆ. ಧ್ವನಿ ಒಡೆದಿದೆ, ನುಂಗಲು ಕಷ್ಟ ಎಂದು ಯಾವುದೋ ಹೊರರೋಗಿ ಚೀಟಿಯಲ್ಲಿ ಗೀಚಿದ ಸಾಲು ಹಲವು ಸಾಕ್ಷಿಗಳಿಗಿಂತ ಹೆಚ್ಚು ಹೇಳುತ್ತದೆ, ಏಕೆಂದರೆ ಅದನ್ನು ಬರೆದಾಗ ಯಾರ ಮೇಲೂ ಮೊಕದ್ದಮೆ ಇರಲಿಲ್ಲ.

ಮೆಕ್ಸಿಕೊದ ಸರ್ವೋಚ್ಚ ನ್ಯಾಯಾಲಯ 2015ರಲ್ಲಿ, ಪೊಲೀಸನೊಬ್ಬ ತನ್ನ ಹೆಂಡತಿ ನೇಣು ಹಾಕಿಕೊಂಡಳೆಂದು ಹೇಳಿದ್ದ ಪ್ರಕರಣದಲ್ಲಿ, ಆತ್ಮಹತ್ಯೆಯೆಂದು ಮೇಲ್ನೋಟಕ್ಕೆ ಕಾಣುವುದೂ ಸೇರಿದಂತೆ ಮಹಿಳೆಯರ ಹಿಂಸಾತ್ಮಕ ಸಾವುಗಳನ್ನೆಲ್ಲ ಹೆಣ್ಣೆಂಬ ಕಾರಣಕ್ಕೆ ನಡೆದ ಕೊಲೆಯಿರಬಹುದೆಂಬ ದೃಷ್ಟಿಯಿಂದ ಆರಂಭದಲ್ಲೇ ತನಿಖೆ ಮಾಡಬೇಕೆಂದು ಹೇಳಿತು. ನಾನು ಅದನ್ನು ಓದಿದ್ದು ಆ ಅಕ್ಕ ಬಂದುಹೋದ ಎಷ್ಟೋ ವರ್ಷಗಳ ಮೇಲೆ.

ಹೊಸ ಕ್ರಮದಿಂದ ಫಲ ಸಿಕ್ಕ ಒಂದು ಪ್ರಕರಣವನ್ನೂ ಹೇಳಬೇಕು, ಫಲ ಎಷ್ಟೆಂಬುದು ಬೇರೆ ಮಾತು. ಅದರ ಕಾಗದದಲ್ಲೂ ನೇಣೆಂದೇ ಇತ್ತು. ಪದರ ಬಿಡಿಸಿದಾಗ ಹಗ್ಗದ ಗುರುತಿಗಿಂತ ಎರಡು ಬೆರಳು ಕೆಳಗೆ, ಎರಡೂ ಬದಿಯ ಆಳದ ಸ್ನಾಯುಗಳಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಧ್ವನಿಪೆಟ್ಟಿಗೆಯ ಥೈರಾಯ್ಡ್ ಮೃದ್ವಸ್ಥಿಯ ಒಂದು ಕೊಂಬು ಮುರಿದು ಅದರ ಸುತ್ತ ರಕ್ತ ಸೋರಿತ್ತು, ಹಗ್ಗದ ಗುರುತಿನ ಕೆಳಗೆ ಮಾತ್ರ ಏನೂ ಇರಲಿಲ್ಲ. ಕೈಯಿಂದ ಕತ್ತು ಹಿಸುಕಿದ್ದರಿಂದ ಸಾವು, ಹಗ್ಗದ ಗುರುತು ಸಾವಿನ ನಂತರದ್ದಾಗಿರುವುದೇ ಹೆಚ್ಚು ಸಂಭವನೀಯ ಎಂದು ಬರೆದೆ. ವಿಚಾರಣೆ ಬಂದದ್ದು ಆರು ವರ್ಷಗಳ ಮೇಲೆ. ಅಷ್ಟರಲ್ಲಿ, ಕೂಗು ಕೇಳಿಸಿತೆಂದು ಮೊದಲು ಹೇಳಿದ್ದ ನೆರೆಯವರು ಏನೂ ಕೇಳಿಸಲಿಲ್ಲವೆಂದು ಹೇಳಿ ಪ್ರತಿಕೂಲ ಸಾಕ್ಷಿಗಳಾಗಿದ್ದರು. ಅಪ್ಪ ಅಮ್ಮನ ಕತ್ತು ಹಿಡಿದದ್ದನ್ನು ಕಂಡೆನೆಂದಿದ್ದ ಮಗು ಅಪ್ಪನ ಮನೆಯವರ ಆಶ್ರಯದಲ್ಲೇ ಬೆಳೆದು, ತನಗೆ ನೆನಪಿಲ್ಲ ಎಂದಿತು. ಅದನ್ನು ತಪ್ಪೆನ್ನಲು ನನಗೆ ಮನಸ್ಸಿಲ್ಲ. ಆ ಮಗುವಿಗೆ ಬೇರೆ ಮನೆ ಎಲ್ಲಿತ್ತು?

ಪಾಟೀ ಸವಾಲಿನಲ್ಲಿ ವಕೀಲರು ಎರಡು ದಾರಿ ಹಿಡಿದರು. ಜೀವ ಉಳಿಸಲು ಎದೆಯನ್ನು ಒತ್ತಿದಾಗ ಕುತ್ತಿಗೆಗೆ ಈ ಗಾಯಗಳಾಗಿರಬಹುದಲ್ಲವೇ ಎಂಬುದು ಮೊದಲನೆಯದು. ಎರಡೂ ಬದಿಯಲ್ಲಿ ಇಷ್ಟು ಆಳಕ್ಕೆ ಆಗುವುದು ತೀರಾ ಅಸಂಭವ ಎಂದೆ. ಆಗ ಅವರು ಮಾತನ್ನು ತಿರುಗಿಸಿ, ಕೊಂದದ್ದೇ ನಿಜವಾದರೂ ಅದು ಜಗಳದ ಭರದಲ್ಲಿ ಒಂದು ಕ್ಷಣದ ಕೋಪದಿಂದ ಆದದ್ದಲ್ಲವೇ ಎಂದರು. ಇದಕ್ಕೆ ನಾನು ಉತ್ತರಿಸುವಂತಿರಲಿಲ್ಲ, ಮನಸ್ಸಿನೊಳಗಿನದು ನನ್ನ ಕ್ಷೇತ್ರವಲ್ಲ. ಸರ್ಕಾರಿ ವಕೀಲರು ಸುಮ್ಮನಿದ್ದರು. ನ್ಯಾಯಾಧೀಶರೇ ತಲೆಯೆತ್ತಿ, ಹೀಗೆ ಸಾಯಲು ಎಷ್ಟು ಹೊತ್ತು ಬೇಕು ಎಂದು ಕೇಳಿದರು. ಮೆದುಳಿಗೆ ಹೋಗುವ ರಕ್ತ ನಿಂತರೆ ಹತ್ತು ಹದಿನೈದು ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ, ಕೈ ಬಿಟ್ಟರೆ ಸಾಮಾನ್ಯವಾಗಿ ಮರಳುತ್ತದೆ, ಸಾವಿಗೆ ಅದಾದ ಮೇಲೂ ನಿಮಿಷಗಟ್ಟಲೆ ಒತ್ತಡ ಮುಂದುವರಿಯಬೇಕು, ಹೃದಯ ಹಠಾತ್ತನೆ ನಿಲ್ಲುವ ಅಪರೂಪದ ಸಂದರ್ಭಗಳೂ ಇಲ್ಲದಿಲ್ಲ ಎಂದು ಹೇಳಿದೆ. ಅಂದರೆ ಅವಳು ಎದುರಿಸುವುದನ್ನು ನಿಲ್ಲಿಸಿದ ಮೇಲೂ ಎಂದು ನ್ಯಾಯಾಧೀಶರು ಕೇಳಿದಾಗ, ಬಹುಮಟ್ಟಿಗೆ ಹೌದು ಎಂದೆ.

ಕೊಲೆಯ ಆರೋಪ ಸಾಬೀತಾಯಿತು, ಮೇಲ್ಮನವಿ ಇನ್ನೂ ಬಾಕಿಯಿದೆ. ಅಂದಿನಿಂದ ಇಂಥ ವರದಿಗಳಲ್ಲಿ ಸಾವಿಗೆ ತಗಲುವ ಸಮಯದ ಬಗ್ಗೆ ಒಂದು ಪ್ಯಾರಾವನ್ನು, ಅಪವಾದಗಳನ್ನೂ ಸೇರಿಸಿ, ಯಾರೂ ಕೇಳದಿದ್ದರೂ ಬರೆಯುತ್ತೇನೆ. ವೈದ್ಯರು ತಮ್ಮ ಮಿತಿ ಮೀರಿದ್ದಾರೆಂದು ಎರಡು ಬಾರಿ ಆಕ್ಷೇಪಣೆ ಬಂದಿದೆ. ಒಂದು ನ್ಯಾಯಾಲಯ ಆ ಪ್ಯಾರಾವನ್ನು ಉಳಿಸಿಕೊಂಡಿತು, ಇನ್ನೊಂದು ಪರಿಗಣಿಸಲಿಲ್ಲ.