ಟೈಲ್ಸ್ ಆಮೇಲೆ, ನೀರು ಮೊದಲು: ಮೈಸೂರು–ಮಂಡ್ಯದಲ್ಲಿ ಸಂಸಾರಕ್ಕೊಂದು ಮನೆ ಆರಿಸುವ ಬಗೆ

ಮಾರಾಟಕ್ಕಿಟ್ಟ ಮನೆಗೆ ಹೊಸ ಬಣ್ಣ ಹೊಡೆಸಿರುತ್ತಾರೆ. ಅಡುಗೆಮನೆಗೆ ಮಾಡ್ಯುಲರ್ ಕಪಾಟು, ಹಾಲಿಗೆ ಫಾಲ್ಸ್ ಸೀಲಿಂಗು, ಪೋರ್ಟಿಕೋಗೆ ಗ್ರಾನೈಟು ಬಂದಿರುತ್ತದೆ. ಇವೆಲ್ಲ ದುಡ್ಡಿದ್ದರೆ ಒಂದೆರಡು ತಿಂಗಳಲ್ಲಿ ಯಾರು ಬೇಕಾದರೂ ಮಾಡಿಸಿಕೊಳ್ಳಬಹುದಾದ ಕೆಲಸ. ಮನೆ ಮುಂದಿನ ರಸ್ತೆಯ ಅಗಲ, ಪಾಯದ ಕೆಳಗಿನ ಮಣ್ಣು, ನಲ್ಲಿಗೆ ಬರುವ ನೀರು, ಹಳೇ ಕ್ರಯಪತ್ರಗಳಲ್ಲಿ ಬಿಟ್ಟುಹೋದ ಸಹಿ ಹಾಗಲ್ಲ. ಕೊಂಡ ಮೇಲೆ ಅವನ್ನು ಬದಲಾಯಿಸುವುದು ನಿಮ್ಮ ಕೈಯಲ್ಲಿರುವುದಿಲ್ಲ. ಆದರೂ ನೋಡಲು ಹೋದವರ ಕಣ್ಣು ಮೊದಲು ಬೀಳುವುದು ಕಪಾಟಿನ ಮೇಲೇ.

ಹೊರಡುವ ಮುಂಚೆ ಮನೆಯಲ್ಲೇ ಮಾಡಬೇಕಾದ ಕೆಲಸವೊಂದಿದೆ. ಮನೆಮಂದಿ ಒಬ್ಬೊಬ್ಬರೂ ಬೇರೆಬೇರೆ ಚೀಟಿಯಲ್ಲಿ ಐದೈದು ಬೇಡಿಕೆ ಬರೆಯಲಿ. ಅಜ್ಜಿಗೂ ಒಂದು ಚೀಟಿ, ಹೈಸ್ಕೂಲಿಗೆ ಹೋಗುವ ಮಗಳಿಗೂ ಒಂದು. ಬಾಯಲ್ಲಿ ಹೇಳಿಸಿದರೆ ದುಡ್ಡು ಹಾಕುವವರ ಮಾತೇ ಎಲ್ಲರ ಮಾತಾಗಿಬಿಡುತ್ತದೆ. ಆಮೇಲೆ ಒಂದೊಂದು ಬೇಡಿಕೆಯ ಮುಂದೂ ಒಂದೇ ಪ್ರಶ್ನೆ ಹಾಕಿಕೊಳ್ಳಿ: ಇದು ಇಲ್ಲದ ಮನೆ ಕೊಂಡರೆ ಮುಂದೆ ಮಾಡಿಸಿಕೊಳ್ಳಲು ಆಗುತ್ತದೆಯೇ, ಎಷ್ಟಕ್ಕೆ?

ಬೇಡಿಕೆಗಳು ತಾವಾಗಿಯೇ ಮೂರು ಗುಂಪಾಗುತ್ತವೆ. ಜಾಗ, ರಸ್ತೆ, ನೀರಿನ ಮೂಲ, ಗಾಳಿ ಬೆಳಕು, ಮಣ್ಣು, ದಾಖಲೆ ಇವು ಮೊದಲನೆಯ ಗುಂಪು, ಮಾಡಿಸಲು ಆಗದವು. ನೆಲಮಹಡಿಗೆ ಬಚ್ಚಲು, ದೊಡ್ಡ ಸಂಪು, ಮೇಲೊಂದು ಕೋಣೆ ಇವು ಒಡೆದು ಕಟ್ಟಿದರೆ ಆಗುವಂಥವು. ದುಡ್ಡೂ ಹೋಗುತ್ತದೆ, ನೆಮ್ಮದಿಯೂ ಹೋಗುತ್ತದೆ. ಬಣ್ಣ, ಟೈಲ್ಸ್, ಕಪಾಟು, ದೀಪ ಮೂರನೆಯ ಗುಂಪು.

ಹತ್ತು ಅಂಶಕ್ಕೆ ಹತ್ತತ್ತು ಅಂಕ ಕೊಟ್ಟು ಕೂಡಿಸುವ ಪದ್ಧತಿ ಕೆಲವರಿಗೆ ಇಷ್ಟ. ಅದನ್ನು ನಂಬಬೇಡಿ. ನೀರಿಗೆ 2 ಅಂಕ ಬಂದ ಮನೆ ಕಪಾಟಿಗೆ 9, ಸೀಲಿಂಗಿಗೆ 9 ತೆಗೆದುಕೊಂಡು ಒಟ್ಟು ಲೆಕ್ಕದಲ್ಲಿ ಗೆದ್ದುಬಿಡುತ್ತದೆ. ಮೊದಲನೆಯ ಗುಂಪಿನಲ್ಲಿ ಒಂದು ತಪ್ಪಿದರೂ ಆ ಮನೆಯನ್ನು ಪಟ್ಟಿಯಿಂದ ತೆಗೆಯಿರಿ. ಉಳಿದವನ್ನಷ್ಟೇ ಹೋಲಿಸಿ.

ವಾಸ್ತುವಿನ ಮಾತನ್ನೂ ಈ ಹಂತದಲ್ಲೇ ಮುಗಿಸಿಕೊಳ್ಳಿ. ಹಿರಿಯರಿಗೆ ಪೂರ್ವ ಇಲ್ಲವೇ ಉತ್ತರದ ಬಾಗಿಲೇ ಆಗಬೇಕೆಂದಿದ್ದರೆ ಅದನ್ನು ಮೊದಲನೆಯ ಗುಂಪಿಗೆ ಸೇರಿಸಿ. ಮನೆ ಒಪ್ಪಿಗೆಯಾಗಿ ಮುಂಗಡ ಕೊಟ್ಟ ಮೇಲೆ ಪುರೋಹಿತರನ್ನು ಕರೆತಂದರೆ ಜಗಳ ಖಂಡಿತ. ಮನೆಯಲ್ಲಿ ಯಾರಿಗೂ ಆ ಚಿಂತೆ ಇಲ್ಲದಿದ್ದರೆ ದಕ್ಷಿಣದ ಬಾಗಿಲಿನ ಮನೆಗಳನ್ನೂ ಬಿಡದೆ ನೋಡಿ. ಬೇರೆಯವರು ಬೇಡವೆನ್ನುವುದರಿಂದ ಅಲ್ಲಿ ಚೌಕಾಶಿಗೆ ಜಾಗವಿರುತ್ತದೆ.

ನೀರು

ಮೈಸೂರಿನ ಒಳಗಿನ ಹಳೇ ಬಡಾವಣೆಗಳಿಗೆ ವಾಣಿವಿಲಾಸ ನೀರು ಸರಬರಾಜು ವಿಭಾಗದಿಂದ ನದಿ ನೀರು ಬರುತ್ತದೆ. ರಿಂಗ್ ರೋಡಿನ ಆಚೆಯ ಖಾಸಗಿ ಬಡಾವಣೆಗಳಲ್ಲಿ ಹಲವು ಕಡೆ ಬೋರ್‌ವೆಲ್ಲೇ ಗತಿ. "ಕಾವೇರಿ ಲೈನ್ ಬರುತ್ತೆ ಸಾರ್" ಎಂಬ ಮಾತಿಗೆ ಬೆಲೆ ಕಟ್ಟಬೇಡಿ. ಮನೆಯ ಹೆಸರಿನಲ್ಲಿರುವ ನೀರಿನ ಬಿಲ್ಲು ತೋರಿಸಲಿ. ಬಡಾವಣೆ ಸ್ಥಳೀಯ ಸಂಸ್ಥೆಗೆ ಹಸ್ತಾಂತರವಾಗಿದೆಯೇ ಎಂದೂ ಕೇಳಿ. ಆಗಿಲ್ಲವೆಂದರೆ ನೀರು, ಬೀದಿದೀಪ, ಚರಂಡಿ, ಕಸ ಎಲ್ಲಕ್ಕೂ ನಿವಾಸಿಗಳೇ ಓಡಾಡಬೇಕಾಗುತ್ತದೆ.

ಲೆಕ್ಕ ಹೀಗೆ ಹಾಕಿ. ತಲೆಗೆ ದಿನಕ್ಕೆ 135 ಲೀಟರಿನಂತೆ ಐದು ಜನಕ್ಕೆ 675 ಲೀಟರು. ಮೂರು ದಿನಕ್ಕೊಮ್ಮೆ ನೀರು ಬಿಡುವ ಬೀದಿಯಾದರೆ 2,000 ಲೀಟರು ಬೇಕು, ಒಂದು ಸರದಿ ತಪ್ಪಿದರೆ 4,000. ಆರಡಿ ಉದ್ದ, ಆರಡಿ ಅಗಲ, ಆರಡಿ ಆಳದ ಸಂಪು ತುಂಬಿದರೆ ಸುಮಾರು 6,100 ಲೀಟರು ಹಿಡಿಯುತ್ತದೆ. ಅಷ್ಟಿದ್ದರೆ ನೆಮ್ಮದಿ. ಸಂಪಿನ ಮುಚ್ಚಳ ಎಲ್ಲಿದೆ ಎಂದೂ ನೋಡಿ: ಪೋರ್ಟಿಕೋದಲ್ಲಿ ಕಾರಿನ ಕೆಳಗಿದ್ದರೆ ಪ್ರತಿ ಸಲವೂ ಕಾರು ತೆಗೆದೇ ಮುಚ್ಚಳ ಎತ್ತಬೇಕು. ಯುಜಿಡಿ (ಒಳಚರಂಡಿ) ಚೇಂಬರಿಗೆ ಅಂಟಿಕೊಂಡ ಸಂಪಂತೂ ಬೇಡವೇ ಬೇಡ.

ಬೋರ್‌ವೆಲ್ ಇದ್ದರೆ ಮೋಟರನ್ನು ಅರ್ಧ ಗಂಟೆ ಓಡಿಸಲು ಹೇಳಿ. ಮೊದಲ ಐದು ನಿಮಿಷ ಎಲ್ಲ ಬೋರೂ ಜೋರಾಗಿಯೇ ಸುರಿಯುತ್ತದೆ. ಹರಿವು ಸಣ್ಣಗಾಗುತ್ತದೆಯೇ ಎಂದು ತಿಳಿಯುವುದು ಆಮೇಲೆ. ನಲ್ಲಿಯ ಬಾಯಿಗೆ, ಷವರಿನ ತೂತುಗಳಿಗೆ ಬಿಳಿ ಪದರ ಕಟ್ಟಿದ್ದರೆ ನೀರು ಗಡಸು. ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕೊಟ್ಟು ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ, ಗಡಸುತನ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದಿದ್ದರೆ 2,000 ಮತ್ತು 600ರವರೆಗೆ ವಿನಾಯಿತಿಯುಂಟು. ಆ ಮೇಲ್ಮಿತಿಯ ಹತ್ತಿರದ ನೀರಿದ್ದರೆ ಗೀಸರಿನ ಕಾಯಿಲ್ಲು, ವಾಷಿಂಗ್ ಮಷೀನು, ಸೋಲಾರ್ ಹೀಟರಿನ ಕೊಳವೆ ಬೇಗ ಹಾಳಾಗುತ್ತವೆ.

ಮೈಸೂರಿನಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಮಳೆ. ಸಾವಿರ ಚದರಡಿ ತಾರಸಿಯಿಂದ ಸೋರಿಕೆ ಕಳೆದರೂ 55ರಿಂದ 60 ಸಾವಿರ ಲೀಟರು ಹಿಡಿಯಬಹುದು. ಹಾಗಾಗಿ ತಾರಸಿಯ ನೀರನ್ನೆಲ್ಲ ಒಂದೇ ಮೂಲೆಗೆ ಇಳಿಸುವ ಪೈಪುಗಳಿರುವ ಮನೆಗೆ ಒಂದು ಹೆಚ್ಚಿನ ಗುಣವಿದೆ ಎಂದು ಲೆಕ್ಕ ಹಿಡಿಯಿರಿ.

ನೆಲ, ತೇವ, ಬಿರುಕು

ಮಂಡ್ಯದ ಸುತ್ತ ಗದ್ದೆ ಬಯಲಿನ ಮೇಲೆ ಎದ್ದ ಬಡಾವಣೆಗಳಿವೆ. ವಿಶ್ವೇಶ್ವರಯ್ಯ ನಾಲೆ ಹರಿಯುವ ತಿಂಗಳುಗಳಲ್ಲಿ ಅಂತಹ ಕಡೆ ಅಂತರ್ಜಲ ಮೇಲೆ ಬರುತ್ತದೆ, ಗೋಡೆ ತೇವ ಹೀರುತ್ತದೆ, ಇಂಗುಗುಂಡಿ ಇಂಗುವುದನ್ನು ನಿಲ್ಲಿಸುತ್ತದೆ, ಬಿರುಕುಬಿಟ್ಟ ಸಂಪಿಗೆ ಹೊರಗಿನ ಕೊಳಕು ನೀರು ಜಿನುಗುತ್ತದೆ. ನಾಲೆ ನಿಂತ ಬೇಸಿಗೆಯಲ್ಲಿ ಅದೇ ಮನೆ ಒಣಗಿ ಚೆನ್ನಾಗಿ ಕಾಣುತ್ತದೆ. ಮಂಡ್ಯದಲ್ಲಿ ಮನೆ ನೋಡುವುದಾದರೆ ಪಕ್ಕದ ಗದ್ದೆಯಲ್ಲಿ ನೀರು ನಿಂತಿರುವಾಗಲೇ ಹೋಗಿ. ಬೇಸಿಗೆಯಲ್ಲೇ ತೀರ್ಮಾನ ಮಾಡಬೇಕಾಗಿ ಬಂದರೆ ಗೋಡೆಯ ಕೆಳಗಿನ ಮೂರಡಿಯನ್ನು ಬೆರಳಿನಿಂದ ಉಜ್ಜಿ ನೋಡಿ. ಪುಡಿ ಉದುರುವುದು, ಬಣ್ಣ ಗುಳ್ಳೆಯೇಳುವುದು, ಕೆಳಭಾಗಕ್ಕೆ ಮಾತ್ರ ಹೊಸ ಪುಟ್ಟಿ ಬಳಿದಿರುವುದು ಮೂರೂ ಒಂದೇ ಕಥೆ ಹೇಳುತ್ತವೆ.

ಮಾರುವವರು ಗೋಡೆಗೆ ಬಣ್ಣ ಹೊಡೆಸುತ್ತಾರೆ, ಕಪಾಟಿನ ಒಳಗೆ ಹೊಡೆಸುವುದು ಕಡಿಮೆ. ಬಚ್ಚಲಿಗೆ ತಾಗಿದ ವಾರ್ಡ್‌ರೋಬಿನ ಕೆಳಗಿನ ಅರೆ, ಸಿಂಕಿನ ಅಡಿ, ಅಟ್ಟದ ಹಿಂಬದಿ ಇಲ್ಲೆಲ್ಲ ಟಾರ್ಚು ಹಿಡಿದು ನೋಡಿ.

ಗದ್ದೆಗೆ ನಾಲ್ಕೈದಡಿ ಮಣ್ಣು ತುಂಬಿಸಿ ಕಟ್ಟಿದ ಮನೆಯಾದರೆ ಪಾಯ ಆ ಮಣ್ಣನ್ನು ದಾಟಿ ಗಟ್ಟಿ ನೆಲ ಮುಟ್ಟಿರಬೇಕು. ಮುಟ್ಟದಿದ್ದರೆ ಕಿಟಕಿಯ ಮೂಲೆಯಿಂದ ಓರೆಯಾಗಿ ಹೊರಟ ಬಿರುಕೋ, ಇಟ್ಟಿಗೆ ಸಾಲಿನಲ್ಲಿ ಮೆಟ್ಟಿಲಿನಂತೆ ಇಳಿಯುವ ಬಿರುಕೋ ಕಾಣಿಸಿಕೊಳ್ಳುತ್ತದೆ. ಬಿರುಕು 3 ಮಿಲಿಮೀಟರಿಗಿಂತ ಅಗಲವಿದ್ದರೆ, ಗೋಡೆಯ ಎರಡೂ ಬದಿಯಲ್ಲಿ ಒಂದೇ ಜಾಗದಲ್ಲಿ ಕಂಡರೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸದೆ ಮುಂದೆ ಹೋಗಬೇಡಿ. ಕಾಲಂ ಮತ್ತು ಗೋಡೆ ಕೂಡುವಲ್ಲಿ ಬರುವ ಕೂದಲೆಳೆಯಂಥ ನೆಟ್ಟನೆಯ ಗೆರೆಗೆ ಮಾತ್ರ ಹೆದರಬೇಕಿಲ್ಲ.

ಮೈಸೂರಿನ ಹಳೇ ಬೀದಿಗಳಲ್ಲಿ ತೊಂದರೆ ಬೇರೆ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎತ್ತರವಾಗಿ, ಮನೆಯ ಅಂಗಳ ತಗ್ಗಾಗಿರುತ್ತದೆ. ಗೇಟಿನ ಮುಂದೆ ನಿಂತು ರಸ್ತೆಯ ನಡುಭಾಗಕ್ಕೂ ಮನೆಯ ನೆಲಕ್ಕೂ ಎಷ್ಟು ಅಂತರವಿದೆ ನೋಡಿ. ಒಂದೂವರೆ ಅಡಿಗಿಂತ ಕಡಿಮೆಯಿದ್ದರೆ ಮುಂದಿನ ಡಾಂಬರಿನ ನಂತರ ಮಳೆನೀರು ಒಳಗೆ ಬರುವ ಸಂಭವ ಹೆಚ್ಚು. ಕೆರೆಯ ಅಂಗಳ, ರಾಜಕಾಲುವೆಯ ಬದಿಯಿದ್ದರೆ ಸರ್ವೆ ನಕ್ಷೆ ತರಿಸಿ ನೋಡಲೇಬೇಕು.

ಬೆಳಕು ಮತ್ತು ಪಕ್ಕದ ಖಾಲಿ ಸೈಟು

30×40 ಸೈಟಿನಲ್ಲಿ ಬದಿಗಳಲ್ಲಿ ಬಿಟ್ಟ ಜಾಗ ಕೆಲವೇ ಅಡಿ. ಪಕ್ಕದ ಸೈಟು ಖಾಲಿಯಿದ್ದರೆ ಇಂದು ಮನೆ ತುಂಬ ಬೆಳಕು. ಅಲ್ಲಿ ಎರಡಂತಸ್ತು ಎದ್ದ ದಿನ ಆ ಬದಿಯ ಕಿಟಕಿಗಳೆಲ್ಲ ಇದ್ದೂ ಇಲ್ಲದಂತೆ. ಆದ್ದರಿಂದ ಖಾಲಿ ಸೈಟಿನ ಕಡೆಯ ಕಿಟಕಿ ಮುಚ್ಚಿಸಿ, ದೀಪ ಆರಿಸಿ, ಮಧ್ಯಾಹ್ನ ಮೂರು ಗಂಟೆಗೆ ಕೋಣೆಯಲ್ಲಿ ಪತ್ರಿಕೆ ಓದಲು ಆಗುತ್ತದೆಯೇ ನೋಡಿ. ಕಿಟಕಿಯ ವಿಸ್ತೀರ್ಣ ಕೋಣೆಯ ನೆಲದ ಹತ್ತನೇ ಒಂದು ಭಾಗವಾದರೂ ಇರಬೇಕು: 10×12 ಕೋಣೆಗೆ 4×3 ಅಡಿಯ ಕಿಟಕಿ. ಪಶ್ಚಿಮದ ಗೋಡೆಗೆ ಮಲಗುವ ಕೋಣೆ ಬಿದ್ದಿದ್ದರೆ ಏಪ್ರಿಲ್‌ನಲ್ಲಿ ರಾತ್ರಿ ಹತ್ತಾದರೂ ಗೋಡೆ ಬಿಸಿ ಬಿಡುತ್ತಿರುತ್ತದೆ; ಮುಂಗಾರಿನ ಎರಚಲೂ ಅದೇ ದಿಕ್ಕಿನದು. ಅಲ್ಲಿ ಎರಡಡಿ ಸಜ್ಜವಿಲ್ಲದ ಕಿಟಕಿ ಸೋರುತ್ತದೆ.

ವಯಸ್ಸಾದವರು, ಮಕ್ಕಳು, ಓಡಾಟ

ಹತ್ತು ವರ್ಷದ ಮೇಲೆ ಮನೆಯಲ್ಲಿ ಯಾರಿಗೆ ಎಷ್ಟು ವಯಸ್ಸು ಎಂದು ಬರೆದಿಟ್ಟುಕೊಳ್ಳಿ. ಡ್ಯೂಪ್ಲೆಕ್ಸ್ ಮನೆಯ ನೆಲಮಹಡಿಯಲ್ಲಿ ಒಂದು ಮಲಗುವ ಕೋಣೆ, ಅದಕ್ಕೆ ತಾಗಿ ಬಚ್ಚಲು ಇಲ್ಲದಿದ್ದರೆ ತಂದೆತಾಯಿಯರ ಮಂಡಿ ಸೋತ ದಿನ ಹಾಲೇ ಅವರ ಮಲಗುವ ಕೋಣೆ. ಬಚ್ಚಲ ಬಾಗಿಲು ಎರಡೂವರೆ ಅಡಿಯದಾದರೆ ಚೌಕಟ್ಟು ಕಳೆದು ಉಳಿದ ಜಾಗದಲ್ಲಿ ಗಾಲಿಕುರ್ಚಿ ಹೋಗುವುದು ಕಷ್ಟ. 32 ಇಂಚು ತೆರಪು ಸಿಗಬೇಕು. ಮುಂಬಾಗಿಲಿಗೆ ಆರಾರು ಇಂಚಿನ ಮೂರು ಮೆಟ್ಟಿಲಿದ್ದರೆ ಇಳಿಜಾರು ಕಟ್ಟಲು 18 ಅಡಿ ಬೇಕು, ಏಕೆಂದರೆ ಒಂದಡಿ ಎತ್ತರಕ್ಕೆ 12 ಅಡಿ ಉದ್ದದ ಲೆಕ್ಕ. ಸಣ್ಣ ಸೈಟಿನಲ್ಲಿ ಅಷ್ಟು ಜಾಗ ಎಲ್ಲಿ ಸಿಗುತ್ತದೆ ಎಂದು ಈಗಲೇ ನೋಡಿಕೊಳ್ಳಿ.

ದೂರವನ್ನು ಕಿಲೋಮೀಟರಿನಲ್ಲಿ ಅಳೆಯಬೇಡಿ. ಹೆಬ್ಬಾಳ, ಕೂರ್ಗಳ್ಳಿ ಕಡೆ ಕೆಲಸವಿರುವವರು ಆಲನಹಳ್ಳಿಯ ಮನೆಯಿಂದ ಬೆಳಿಗ್ಗೆ ಎಂಟೂವರೆಗೆ ಒಮ್ಮೆ ನಿಜವಾಗಿ ಹೋಗಿ ಬರಲಿ. ಬೆಂಗಳೂರಿಗೆ ರೈಲಿನಲ್ಲಿ ಓಡಾಡುವವರಿಗೆ ಬಡಾವಣೆಯ ಹೆಸರಿಗಿಂತ ನಿಲ್ದಾಣಕ್ಕೆ ಬೆಳಗಿನ ಜಾವ ಸಿಗುವ ಆಟೋ ಮುಖ್ಯ. ಭಾನುವಾರ ಹನ್ನೊಂದಕ್ಕೆ ನೋಡಿದ ಮನೆಯನ್ನು ವಾರದ ದಿನ ರಾತ್ರಿ ಎಂಟಕ್ಕೆ ಮತ್ತೊಮ್ಮೆ ನೋಡಿ: ಪಾರ್ಕಿಂಗು, ಬೀದಿನಾಯಿ, ಪಕ್ಕದ ಕಲ್ಯಾಣಮಂಟಪದ ವಾಲಗ, ಎಲ್ಲ ಆಗಲೇ ಗೊತ್ತಾಗುವುದು. ಅರಮನೆಯ ಆಸುಪಾಸಿನ ಮನೆಯಾದರೆ ದಸರಾ ದಿನಗಳಲ್ಲಿ ಕಾರು ಹೊರತೆಗೆಯುವ ಆಸೆ ಬಿಡಬೇಕು. ನೆಂಟರು ಬರುವ ಲೆಕ್ಕವೂ ಬೇರೆಯೇ ಆಗುತ್ತದೆ.

ದಾಖಲೆ, ಆಮೇಲೆ ದುಡ್ಡು

ಮೂಲ ಪತ್ರದಿಂದ ಇಂದಿನ ಕ್ರಯಪತ್ರದವರೆಗೆ ಕೊಂಡಿ ಕಳಚಿರಬಾರದು. ನೋಂದಣಿ ಇಲಾಖೆಯಿಂದ 30 ವರ್ಷದ ಋಣಭಾರ ಪತ್ರ (ಇಸಿ, ಆಸ್ತಿಯ ಮೇಲೆ ನೋಂದಣಿಯಾದ ವಹಿವಾಟುಗಳ ಪಟ್ಟಿ) ತೆಗೆಸಿ. ವಹಿವಾಟು ನಡೆದಿದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತದೆ. ಇ-ಖಾತೆ (ಸ್ಥಳೀಯ ಸಂಸ್ಥೆಯ ಗಣಕೀಕೃತ ಆಸ್ತಿ ದಾಖಲೆ), ಕೃಷಿ ಜಮೀನನ್ನು ವಾಸಕ್ಕೆ ಬದಲಿಸಿದ ಭೂಪರಿವರ್ತನೆ ಆದೇಶ, ಮಂಜೂರಾದ ಬಡಾವಣೆ ನಕ್ಷೆ, ಕಟ್ಟಡದ ನಕ್ಷೆ ಕೇಳಿ. ನಕ್ಷೆಯಲ್ಲಿ ಒಂದು ಮಹಡಿಯಿದ್ದು ಕಣ್ಣಿಗೆ ಎರಡು ಕಂಡರೆ ಬ್ಯಾಂಕು ಅಲ್ಲೇ ನಿಲ್ಲುತ್ತದೆ. ಬಿ ಖಾತೆಯ (ನಿಯಮಬದ್ಧವಲ್ಲದ ಆಸ್ತಿಯ ಖಾತೆ), ರೆವಿನ್ಯೂ ಸೈಟಿನ (ಭೂಪರಿವರ್ತನೆಯಾಗದ ಜಮೀನಿನ ಸೈಟು) ಮನೆಗೆ ಹೆಚ್ಚಿನ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ನಾಳೆ ನೀವು ಮಾರುವಾಗ ಕೊಳ್ಳುವವರಿಗೂ ಅದೇ ಕಷ್ಟ. ಪಿತ್ರಾರ್ಜಿತ ಜಮೀನಿನಲ್ಲಿ ಎದ್ದ ಬಡಾವಣೆಯಾದರೆ ವಂಶವೃಕ್ಷ ನೋಡಿ, ಹೆಣ್ಣುಮಕ್ಕಳ ಸಹಿಯೂ ಇದೆಯೇ ಪರಿಶೀಲಿಸಿ. ಈ ಭಾಗದ ಸಿವಿಲ್ ದಾವೆಗಳಲ್ಲಿ ಇದೊಂದು ಮಾಮೂಲಿ ಎಳೆ.

ಮನೆಯ ಬೆಲೆ 70 ಲಕ್ಷ ಎಂದುಕೊಳ್ಳಿ. ಮುದ್ರಾಂಕ ಶುಲ್ಕ ಶೇ 5 ಅಂದರೆ 3.5 ಲಕ್ಷ, ಅದರ ಮೇಲೆ ಶೇ 10 ಸೆಸ್ಸು 35,000, ನಗರದಲ್ಲಿ ಶೇ 2 ಸರ್ಚಾರ್ಜು 7,000. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಿಂದ ಶೇ 2 ಆಗಿರುವುದರಿಂದ 1.4 ಲಕ್ಷ. ಒಟ್ಟು 5.32 ಲಕ್ಷ. ಸರ್ಕಾರದ ಮಾರ್ಗಸೂಚಿ ದರ ಕ್ರಯದ ಬೆಲೆಗಿಂತ ಹೆಚ್ಚಿದ್ದರೆ ಲೆಕ್ಕ ಅದರ ಮೇಲೆ. 30 ಲಕ್ಷ ದಾಟಿದ, 75 ಲಕ್ಷದವರೆಗಿನ ಸಾಲಕ್ಕೆ ರಿಸರ್ವ್ ಬ್ಯಾಂಕಿನ ಮಿತಿ ಬೆಲೆಯ ಶೇ 80. ಅಂದರೆ ಹೆಚ್ಚೆಂದರೆ 56 ಲಕ್ಷ. ನೋಂದಣಿ ಖರ್ಚು ಆ ಲೆಕ್ಕಕ್ಕೆ ಸೇರದು. ಹೀಗಾಗಿ ಕೈಯಲ್ಲಿ 19 ಲಕ್ಷ ಚಿಲ್ಲರೆ ಇರಬೇಕು. ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರೇ ಮಾರುವವರಿಗೆ ಕೊಡುವ ಹಣದಲ್ಲಿ ಶೇ 1 ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಹಿಡಿದು ಕಟ್ಟಬೇಕು ಎಂಬುದು ಹಲವರಿಗೆ ನೋಟಿಸು ಬಂದಾಗಲೇ ಗೊತ್ತಾಗುತ್ತದೆ.

ಕೊನೆಗೆ ಎರಡು ಮನೆ ಉಳಿದರೆ ಎರಡನೆಯ ಗುಂಪಿನ ಕೆಲಸಗಳಿಗೆ ಮೇಸ್ತ್ರಿಯಿಂದ ಅಂದಾಜು ಬರೆಸಿ, ಅದಕ್ಕೆ ಕಾಲು ಭಾಗ ಸೇರಿಸಿ, ಮನೆಯ ಬೆಲೆಗೆ ಕೂಡಿಸಿ. 66 ಲಕ್ಷದ ಮನೆಗೆ ಬಚ್ಚಲು, ಸಂಪು ಸೇರಿ 6 ಲಕ್ಷ ಬೇಕೆಂದಾದರೆ ಅದು 70ರ ಮನೆಗಿಂತ ಅಗ್ಗವಲ್ಲ. ಅದೇ ಅಂದಾಜು ಚೀಟಿಯನ್ನು ಮಾರುವವರ ಮುಂದಿಟ್ಟು ಬೆಲೆ ಇಳಿಸಿ ಎಂದು ಕೇಳಬಹುದು.

ಮುಂಗಡ ಕೊಡುವಾಗ ಕರಾರಿನಲ್ಲಿ ಇಷ್ಟಾದರೂ ಬರೆಸಿ: ದಾಖಲೆಯ ದೋಷದಿಂದ ಸಾಲ ಮಂಜೂರಾಗದಿದ್ದರೆ ಮುಂಗಡ ಪೂರ್ತಿ ವಾಪಸ್ಸು, ನೋಂದಣಿಯ ದಿನದವರೆಗಿನ ಕಂದಾಯ, ನೀರು, ಸೆಸ್ಕ್ (ವಿದ್ಯುತ್ ಕಂಪನಿ) ಬಾಕಿ ಮಾರುವವರದು, ಮನೆ ಖಾಲಿ ಮಾಡಿಕೊಡುವ ದಿನಾಂಕ. ಸೋಲಾರ್ ಹೀಟರು, ಬೋರಿನ ಮೋಟರು, ಯುಪಿಎಸ್ಸು, ಫ್ಯಾನುಗಳಲ್ಲಿ ಯಾವುದು ಮನೆಯಲ್ಲೇ ಉಳಿಯುತ್ತದೆ ಎಂಬುದೂ ಅದೇ ಕರಾರಿನಲ್ಲಿ ಹೆಸರು ಹಿಡಿದು ಇರಲಿ.